ಸೇಫ್ಟಿ ಬೋರ್ಡ್ ಬರೆಸೋ ಮುಂಚೆ ಮಾಡಬೇಕಾದ ಕೆಲಸ

ಪ್ರಶ್ನೆ: ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೆಲ್ಪರ್‌ಗಳೂ ಸೇರಿ 45 ಜನ ಇದ್ದೇವೆ. ಶೀಟ್ ಮೆಟಲ್ ಪ್ರೆಸ್ ಮಾಡಿ, ಆಸಿಡ್ಡಿನಲ್ಲಿ ಅದ್ದಿ ತುಕ್ಕು ತೆಗೆಯುವ ಪಿಕ್ಲಿಂಗ್ ಮುಗಿಸಿ, ಪೌಡರ್ ಕೋಟಿಂಗ್ ಮಾಡಿ ಕಳಿಸುತ್ತೇವೆ. ಮುಂದಿನ ತಿಂಗಳು ಕಸ್ಟಮರ್ ಕಡೆಯಿಂದ ಸೇಫ್ಟಿ ಆಡಿಟ್ ಇದೆ. ಹಿರಾ ಶೀಟ್ (ಹಜಾರ್ಡ್ ಗುರುತಿಸಿ ರಿಸ್ಕ್ ಅಳೆಯುವ ಪಟ್ಟಿ) ರೆಡಿ ಮಾಡಿ, ಸೇಫ್ಟಿ ಬೋರ್ಡ್ ಹಾಕಿಸಿ ಅಂದಿದ್ದಾರೆ. ನೆಟ್‌ನಲ್ಲಿ ಸಿಕ್ಕ ಎಕ್ಸೆಲ್ ಶೀಟ್ ನೋಡಿದರೆ ತಲೆ ಕೆಡುತ್ತೆ. ಹಜಾರ್ಡ್, ರಿಸ್ಕ್ ಎರಡೂ ಒಂದೇ ಅಲ್ವಾ? ಅಂಕ ಹಾಕೋದು ಹೇಗೆ? ಯಾವ ಬಣ್ಣದ ಬೋರ್ಡ್ ಎಲ್ಲಿ ಬರಬೇಕು? ಅಂಗಡಿಯವನು 30 ರೇಡಿಯಂ ಬೋರ್ಡ್‌ಗಳ ಸೆಟ್ ಕೊಡ್ತೀನಿ ಅಂತಿದ್ದಾನೆ. ತಗೊಳ್ಳಲಾ?

ಉತ್ತರ: ಸೆಟ್ ತಗೊಳ್ಳಬೇಡಿ. ಆ 30ರಲ್ಲಿ ನಿಮ್ಮ ಜಾಗಕ್ಕೆ ಹೊಂದುವುದು ಅರ್ಧವೂ ಇರುವುದಿಲ್ಲ. ಮಿಕ್ಕಿದ್ದನ್ನು ಖಾಲಿ ಗೋಡೆ ಸಿಕ್ಕಲ್ಲೆಲ್ಲ ಹೊಡೆಯುತ್ತೀರಿ. ವಾರ ಕಳೆಯುವುದರೊಳಗೆ ಯಾರೂ ಅದರ ಕಡೆ ನೋಡುವುದಿಲ್ಲ, ನಿಜವಾಗಿ ಬೇಕಾದ ಬೋರ್ಡೂ ಆ ಗುಂಪಿನಲ್ಲಿ ಕಳೆದುಹೋಗುತ್ತದೆ. ಬೋರ್ಡ್ ಕಡೇ ಕೆಲಸ. ಮಷೀನಿನಲ್ಲಿ, ಜಾಗದಲ್ಲಿ, ಕೆಲಸದ ರೀತಿಯಲ್ಲಿ ಸರಿ ಮಾಡಬಹುದಾದ್ದನ್ನೆಲ್ಲ ಮಾಡಿ, ಆಮೇಲೂ ಏನು ಉಳಿಯಿತೋ ಅದನ್ನು ಹೇಳುವುದಕ್ಕೆ ಬೋರ್ಡ್ ಬೇಕು. ಏನು ಉಳಿಯಿತು ಅಂತ ಗೊತ್ತಾಗಬೇಕಾದರೆ ಮೊದಲು ಹಿರಾ ಆಗಬೇಕು.

ಹಜಾರ್ಡ್, ರಿಸ್ಕ್ ಒಂದೇ ಅಲ್ಲ. ಪೆಟ್ಟು ಕೊಡುವ ಗುಣ ಯಾವುದಕ್ಕಿದೆಯೋ ಅದು ಹಜಾರ್ಡ್. ಆ ಪೆಟ್ಟು ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಎಷ್ಟು ಜೋರು ಅನ್ನುವ ಲೆಕ್ಕ ರಿಸ್ಕ್. ನಿಮ್ಮ ಪಿಕ್ಲಿಂಗ್ ಸೆಕ್ಷನ್ನಿನ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನನ್ನೇ ತಗೊಳ್ಳಿ. ಬಿಗಿಯಾಗಿ ಮುಚ್ಚಿ, ಟ್ರೇ ಮೇಲಿಟ್ಟು, ರೂಮಿಗೆ ಬೀಗ ಹಾಕಿದ್ದರೂ ಅದು ಹಜಾರ್ಡೇ. ಅದೇ ಆಸಿಡ್ಡನ್ನು ಹೆಲ್ಪರ್ ಒಬ್ಬ ಚಪ್ಪಲಿ ಕಾಲಲ್ಲಿ, ತೆರೆದ ಬಕೆಟ್ಟಿನಲ್ಲಿ, ಒದ್ದೆ ನೆಲದ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಾನೆ ಅನ್ನಿ. ಹಜಾರ್ಡ್ ಹಾಗೇ ಇದೆ, ರಿಸ್ಕ್ ಎಲ್ಲಿಂದೆಲ್ಲಿಗೋ ಏರಿದೆ. ಪಂಪ್ ಹಾಕಿ ಪೈಪಿನಲ್ಲೇ ಟ್ಯಾಂಕಿಗೆ ಹೋಗುವಂತೆ ಮಾಡಿದರೆ ರಿಸ್ಕ್ ಇಳಿಯುತ್ತದೆ. ಆಸಿಡ್ಡೇ ಬೇಡ, ಸಣ್ಣ ಗುಂಡು ಹೊಡೆದು ತುಕ್ಕು ತೆಗೆಯುವ ಶಾಟ್ ಬ್ಲಾಸ್ಟಿಂಗ್‌ಗೆ ಹೋಗೋಣ ಅಂದರೆ ಆಸಿಡ್ ಹಜಾರ್ಡ್ ಪೂರ್ತಿ ಹೋಯಿತು. ಆದರೆ ಧೂಳು, ಸದ್ದು ಅಂತ ಹೊಸದು ಎರಡು ಬಂದವು, ಅವನ್ನೂ ಶೀಟಿನಲ್ಲಿ ಬರೆಯಬೇಕು.

ನೆಟ್‌ನಲ್ಲಿ ಸಿಗುವ ಶೀಟುಗಳಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ. ಹಜಾರ್ಡ್ ಕಾಲಂನಲ್ಲಿ 'ಕೈಗೆ ಗಾಯ' ಅಂತಲೋ 'ಹೆಲ್ಮೆಟ್ ಹಾಕದಿರುವುದು' ಅಂತಲೋ ಇರುತ್ತದೆ. ಕೈಗೆ ಗಾಯ ಆಗುವುದು ಪರಿಣಾಮ. ಹಜಾರ್ಡ್ ಅಂದರೆ ಪ್ರೆಸ್ಸಿನ ರ‍್ಯಾಮ್, ಅಂದರೆ ಕೆಳಗಿಳಿದು ಶೀಟ್ ಒತ್ತುವ ಭಾಗ. ಹೆಲ್ಮೆಟ್ ಹಾಕದಿರುವುದು ಹಜಾರ್ಡ್ ಅಂತ ಬರೆದುಬಿಟ್ಟರೆ ಉತ್ತರವೂ ಅಲ್ಲೇ ಮುಗಿಯಿತು: ಹೆಲ್ಮೆಟ್ ಕೊಡಿಸಿ. ಮೇಲಿನಿಂದ ಏನು ಬೀಳುತ್ತಿದೆ, ಯಾಕೆ ಬೀಳುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಇಷ್ಟು ತಿದ್ದಿಕೊಂಡರೇ ನಿಮ್ಮ ಶೀಟ್ ಮಾಮೂಲಿ ಶೀಟುಗಳಿಗಿಂತ ಚೆನ್ನಾಗಿರುತ್ತದೆ.

ಶೀಟನ್ನು ಆಫೀಸಿನಲ್ಲಿ ಕೂತು ತುಂಬಬೇಡಿ. ಮಾಲು ಹೋಗುವ ದಾರಿಯಲ್ಲೇ ನೀವೂ ನಡೆಯಿರಿ. ಲಾರಿಯಿಂದ ಶೀಟ್ ಇಳಿಸುವಲ್ಲಿ ಶುರು ಮಾಡಿ, ಶಿಯರಿಂಗ್, ಪ್ರೆಸ್, ಪಿಕ್ಲಿಂಗ್, ಓವನ್, ಪ್ಯಾಕಿಂಗ್ ಎಲ್ಲ ನೋಡಿಕೊಂಡು ಗೇಟಿನ ತನಕ ಬನ್ನಿ. ಪ್ರತಿ ಜಾಗದಲ್ಲೂ ಆ ಕೆಲಸ ಮಾಡುವವರನ್ನೇ ಕೇಳಿ. 'ಏನಾದ್ರೂ ತೊಂದರೆ ಇದೆಯಾ' ಅಂದರೆ 'ಏನಿಲ್ಲ ಸಾರ್' ಅಂತಾರೆ. 'ಇಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದು ಯಾವಾಗ?' ಅಂತ ಕೇಳಿ ನೋಡಿ, ಕಥೆ ಹೊರಗೆ ಬರುತ್ತದೆ. ನೈಟ್ ಶಿಫ್ಟಿನಲ್ಲೂ ಒಂದು ಸುತ್ತು ಹಾಕಿ. ಹಗಲು ಕಾಣದ ಎಷ್ಟೋ ವಿಷಯ ಅಲ್ಲಿ ಕಾಣುತ್ತದೆ: ಸುಟ್ಟುಹೋದ ಲೈಟು, ಡೋರಿಗೆ ಅಡ್ಡ ನಿಲ್ಲಿಸಿದ ಟ್ರಾಲಿ, ಒಬ್ಬನೇ ಎರಡು ಮಷೀನ್ ನೋಡಿಕೊಳ್ಳುವುದು.

ದಿನಾ ನಡೆಯದ ಕೆಲಸಗಳನ್ನು ಮರೆಯಬೇಡಿ. ಕೆಲಸದ ಜಾಗದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 45001 ಕೂಡ ಇದನ್ನು ಬಿಡಿಸಿ ಹೇಳುತ್ತದೆ, ಆಡಿಟರ್ ಖಂಡಿತ ಕೇಳುತ್ತಾರೆ. ನಮ್ಮ ಕಡೆ ಇದಕ್ಕೆ ಆಯುಧಪೂಜೆಯ ಹಿಂದಿನ ದಿನಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಅವತ್ತು ಎಲ್ಲ ಗಾರ್ಡ್ ಬಿಚ್ಚಿ ಮಷೀನ್ ಒರೆಸುತ್ತಾರೆ. ನೆಲಕ್ಕೆ ನೀರು ಹೊಡೆಯುತ್ತಾರೆ, ಪ್ಯಾನಲ್ ಪಕ್ಕದಲ್ಲೂ. ಥಿನ್ನರ್ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಮೂಲೆಗೆ ಎಸೆಯುತ್ತಾರೆ. ವರ್ಷವಿಡೀ ತೆಗೆಯದ ಟ್ಯಾಂಕಿನ ಮುಚ್ಚಳವನ್ನು 'ಇವತ್ತೇ ಕ್ಲೀನ್ ಮಾಡಿಬಿಡೋಣ' ಅಂತ ತೆಗೆಯುತ್ತಾರೆ. ಸಂಜೆಗೆ ಲೈಟಿನ ಸರ, ಬಾಳೆಕಂದು, ಮುಂದೆ ದೀಪ ಬೇರೆ. ಹಿರಾದಲ್ಲಿ ಆಯುಧಪೂಜೆ ಸ್ವಚ್ಛತೆ ಅಂತಲೇ ಒಂದು ಸಾಲು ಬರೆಯಿರಿ. ಆಡಿಟರ್ ನಗಬಹುದು, ಬರೆಯಿರಿ.

ಈಗ ಪವರ್ ಪ್ರೆಸ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ನಿಮ್ಮಂಥ ಶಾಪ್‌ಗಳಲ್ಲಿ ಬೆರಳು ಹೋಗುವುದು ಇಲ್ಲೇ. ಮೊದಲು ಕ್ಲಚ್, ಅಂದರೆ ತಿರುಗುವ ಫ್ಲೈವೀಲಿನ (ಭಾರದ ಚಕ್ರದ) ಬಲವನ್ನು ರ‍್ಯಾಮಿಗೆ ಜೋಡಿಸುವ ಭಾಗ, ಯಾವುದು ನೋಡಿ. ಹಳೆಯ ಸಿ ಫ್ರೇಮ್ ಪ್ರೆಸ್‌ಗಳಲ್ಲಿ ಸಾಮಾನ್ಯವಾಗಿ ಪಿನ್ ಕ್ಲಚ್ ಅಥವಾ ರೋಲಿಂಗ್ ಕೀ ಕ್ಲಚ್ ಇರುತ್ತದೆ. ಒಮ್ಮೆ ಪೆಡಲ್ ಒತ್ತಿದರೆ ಮುಗಿಯಿತು, ರ‍್ಯಾಮ್ ಪೂರ್ತಿ ಕೆಳಗೆ ಹೋಗಿ ಮೇಲೆ ಬಂದೇ ನಿಲ್ಲುವುದು. ಮಧ್ಯದಲ್ಲಿ ನಿಲ್ಲಿಸಲು ಆಗುವುದೇ ಇಲ್ಲ. ಎಮರ್ಜೆನ್ಸಿ ಬಟನ್ ಒತ್ತಿದರೆ ಮೋಟಾರ್ ಆಫ್ ಆಗುತ್ತದೆ ಅಷ್ಟೇ, ಫ್ಲೈವೀಲ್ ತಿರುಗುತ್ತಲೇ ಇರುತ್ತದೆ.

ಇಂಥ ಪ್ರೆಸ್ಸಿಗೆ ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಮಷೀನ್ ನಿಲ್ಲಿಸುವ ಸೆನ್ಸರ್) ಹಾಕಿಸಿ ಸುರಕ್ಷಿತ ಆಯಿತು ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ದುಡ್ಡು ದಂಡ. ಕೈ ಅಡ್ಡ ಬಂದಿದೆ ಅಂತ ಸೆನ್ಸರ್‌ಗೆ ಗೊತ್ತಾಗುತ್ತದೆ, ಆದರೆ ಪ್ರೆಸ್ಸಿಗೆ ನಿಲ್ಲುವ ದಾರಿಯೇ ಇಲ್ಲ. ಲೈಟ್ ಕರ್ಟನ್ ಉಪಯೋಗಕ್ಕೆ ಬರುವುದು ಸ್ಟ್ರೋಕ್ ನಡುವೆಯೂ ನಿಲ್ಲಬಲ್ಲ, ಗಾಳಿಯ ಒತ್ತಡದಿಂದ ಕೆಲಸ ಮಾಡುವ ನ್ಯೂಮ್ಯಾಟಿಕ್ ಫ್ರಿಕ್ಷನ್ ಕ್ಲಚ್ ಮತ್ತು ಒಳ್ಳೇ ಬ್ರೇಕ್ ಇರುವ ಪ್ರೆಸ್ಸಿನಲ್ಲಿ. ಕೀ ಕ್ಲಚ್ ಪ್ರೆಸ್ಸಿಗೆ ಬೇಕಿರುವುದು ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಸುತ್ತ ಗಟ್ಟಿಯಾದ, ಬೋಲ್ಟ್ ಹಾಕಿದ ಗಾರ್ಡ್. ಶೀಟ್ ಮಾತ್ರ ನುಗ್ಗಬೇಕು, ಬೆರಳು ನುಗ್ಗಬಾರದು. ಸಂದಿ 6 ಮಿ.ಮೀ. ಮೀರದೆ, ಡೈ ಆ ಸಂದಿಯಿಂದ ಕನಿಷ್ಠ 10 ಮಿ.ಮೀ. ಒಳಗಿದ್ದರೆ ಬೆರಳ ತುದಿ ಡೈ ಮುಟ್ಟುವುದಿಲ್ಲ. ಬಿಡಿ ಪೀಸುಗಳನ್ನು ಕೈಯಿಂದಲೇ ಇಡಬೇಕಾದ ಡೈ ಆದರೆ, ಪೀಸನ್ನು ಹೊರಗೆ ಇಟ್ಟು ಒಳಗೆ ತಳ್ಳುವ ಸ್ಲೈಡ್ ಅಥವಾ ಜಾರಿಸಿ ಬಿಡುವ ಚ್ಯೂಟ್ ಮಾಡಿಸಿ. ನಿಮ್ಮ ಟೂಲ್ ರೂಮಿನವರೇ ಮಾಡಬಲ್ಲ ಕೆಲಸ ಇದು. ಪೆಡಲ್ ಮೇಲೆ ಒಂದು ಮುಚ್ಚಳವೂ ಇರಲಿ. ಸ್ಪ್ಯಾನರ್ ಬಿದ್ದೋ, ಯಾರದೋ ಕಾಲು ತಾಗಿಯೋ ಸ್ಟ್ರೋಕ್ ಬೀಳುವುದು ತಪ್ಪುತ್ತದೆ.

ಎರಡು ಕೈ ಬಟನ್ ಇರುವ ಪ್ರೆಸ್ ಆದರೆ ಬಟನ್‌ಗಳನ್ನು ಹತ್ತಿರದಿಂದ ನೋಡಿ. ಒಂದಕ್ಕೆ ಮರದ ಚೂರು ಸಿಕ್ಕಿಸಿದ್ದರೋ, ಇನ್ಸುಲೇಶನ್ ಟೇಪ್ ಸುತ್ತಿದ್ದರೋ ಅಲ್ಲೇ ಬೈಯಬೇಡಿ. ಯಾಕೆ ಅಂತ ಕೇಳಿ. ನೂರಕ್ಕೆ ತೊಂಬತ್ತು ಪಾಲು ಉತ್ತರ ಒಂದೇ: ಟಾರ್ಗೆಟ್. ಪೀಸ್ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗಾರ್ಡ್‌ನಿಂದ ಗಂಟೆಗೆ ಇಷ್ಟು ಪೀಸ್ ಕಮ್ಮಿಯಾದರೆ ಅವನು ಗಾರ್ಡ್ ತೆಗೆಯುತ್ತಾನೆ. ನೀವಾಗಿದ್ದರೂ ತೆಗೆಯುತ್ತಿದ್ದಿರಿ. ಅದನ್ನು ಸರಿ ಮಾಡಬೇಕಾದವರು ರೇಟ್ ನಿಗದಿ ಮಾಡುವವರು, ಅಂದರೆ ನಿಮ್ಮ ಮಾಲೀಕರು. 'ಕೈ ಹುಷಾರ್' ಅನ್ನುವ ಹಳದಿ ಬೋರ್ಡ್ ಈ ಪ್ರೆಸ್ ಮೇಲೆ ಎಷ್ಟು ದೊಡ್ಡದಾಗಿ ಹಾಕಿದರೂ ಲೆಕ್ಕಕ್ಕಿಲ್ಲ.

ಅಂಕದ ವಿಷಯ. ಸಾಮಾನ್ಯವಾಗಿ ಪೆಟ್ಟಿನ ಜೋರಿಗೆ 1ರಿಂದ 5, ಸಾಧ್ಯತೆಗೆ 1ರಿಂದ 5 ಕೊಟ್ಟು ಗುಣಿಸುತ್ತಾರೆ. ಜೋರು 1 ಅಂದರೆ ಬ್ಯಾಂಡೇಜ್ ಸುತ್ತಿ ಕೆಲಸಕ್ಕೆ ವಾಪಸ್ಸು, 4 ಅಂದರೆ ಬೆರಳೋ ಕಣ್ಣೋ ಹೋಗುವುದು, 5 ಅಂದರೆ ಸಾವು. ಸಾಧ್ಯತೆ 5 ಅಂದರೆ ತಿಂಗಳಿಗೊಮ್ಮೆ ಆಗುವಂಥದ್ದು, 1 ಅಂದರೆ ಆಗುವುದು ತೀರಾ ಅಪರೂಪ. ಹೀಗೇ ಮಾಡಬೇಕು ಅಂತ ಐಎಸ್‌ಒ 45001 ಎಲ್ಲೂ ಹೇಳಿಲ್ಲ. ವಿಧಾನ ನಿಮ್ಮದು, ಅದನ್ನು ಮೊದಲೇ ಬರೆದಿಟ್ಟು ಎಲ್ಲ ಕಡೆ ಒಂದೇ ಥರ ಬಳಸಿದರೆ ಸಾಕು. ಭಾರತೀಯ ಮಾನಕಗಳಲ್ಲಿ ಈ ಕೆಲಸಕ್ಕೆಂದೇ ಐಎಸ್ 15656 ಇದೆ. ಪುರುಸೊತ್ತಾದಾಗ ಓದಿ, ಈ ಆಡಿಟ್‌ಗೆ ಅದರ ಆಳ ಬೇಕಾಗಿಲ್ಲ.

ಗುಣಾಕಾರದಲ್ಲಿ ಒಂದು ಮೋಸ ಇದೆ. ಕಂಪ್ರೆಸರ್ ಹತ್ತಿರ ಆಯಿಲ್ ಚೆಲ್ಲಿ ಜಾರುವುದಕ್ಕೆ ಜೋರು 2, ಸಾಧ್ಯತೆ 5. ಒಟ್ಟು 10. ನಿಮ್ಮ ಎಫ್ಲುಯೆಂಟ್ ಟ್ಯಾಂಕಿಗೆ, ಅಂದರೆ ಕೊಳಕು ನೀರಿನ ತೊಟ್ಟಿಗೆ, ಇಳಿಯುವುದು ವರ್ಷಕ್ಕೆ ಒಂದೋ ಎರಡೋ ಸಲ. ಜೋರು 5, ಸಾಧ್ಯತೆ 2. ಅದೂ 10. ಅಂಕ ಜಾಸ್ತಿ ಇದ್ದರೆ ಕೆಂಪು, ನಡುವೆ ಹಳದಿ, ಕಮ್ಮಿ ಇದ್ದರೆ ಹಸಿರು ಅಂತ ಬಣ್ಣ ಕೊಡುವ ಶೀಟಿನಲ್ಲಿ ಎರಡಕ್ಕೂ ಒಂದೇ ಹಳದಿ ಬಣ್ಣ. ಒಂದರಲ್ಲಿ ಸೊಂಟ ನೋವು, ಇನ್ನೊಂದರಲ್ಲಿ ಹೆಣ. ಅದಕ್ಕೆ ನಾನು ಹೇಳುವ ನಿಯಮ ಇಷ್ಟೇ: ಜೋರು 5 ಇರುವ ಸಾಲುಗಳನ್ನು ಒಟ್ಟು ಅಂಕ ನೋಡದೆ ಮೇಲಕ್ಕೆ ತಂದಿಡಿ.

ಇನ್ನೊಂದು ಮೋಸ 'ಕ್ರಮ ಕೈಗೊಂಡ ನಂತರ' ಕಾಲಂನಲ್ಲಿ ನಡೆಯುತ್ತದೆ. ಮೊದಲು 16 ಇದ್ದದ್ದು ಟ್ರೇನಿಂಗ್ ಕೊಟ್ಟೆವು, ಗ್ಲೌಸ್ ಕೊಟ್ಟೆವು, ಬೋರ್ಡ್ ಹಾಕಿದೆವು ಅಂದ ಕೂಡಲೇ 4 ಆಗಿಬಿಡುತ್ತದೆ. ಹಸಿರು ಬಣ್ಣ, ಎಲ್ಲರಿಗೂ ಖುಷಿ. ಯೋಚನೆ ಮಾಡಿ, ಬೋರ್ಡ್ ಹಾಕಿದ ಮಾತ್ರಕ್ಕೆ ರ‍್ಯಾಮ್ ಮೆತ್ತಗೆ ಬೀಳುತ್ತಾ? ಜೋರಿನ ಅಂಕ ಹಾಗೇ ಇರುತ್ತದೆ. ಸಾಧ್ಯತೆ ಒಂದು ಅಂಕ ಇಳಿಯಬಹುದು, ಅದೂ ಜನ ಪಾಲಿಸಿದರೆ. ಹಜಾರ್ಡನ್ನೇ ತೆಗೆಯುವುದು, ಕಮ್ಮಿ ಅಪಾಯದ್ದಕ್ಕೆ ಬದಲಾಯಿಸುವುದು, ಗಾರ್ಡ್ ಅಥವಾ ಎಕ್ಸಾಸ್ಟ್ ಥರದ ಯಂತ್ರದ ಉಪಾಯ, ಆಮೇಲೆ ನಿಯಮ-ತರಬೇತಿ-ಬೋರ್ಡ್, ಕಡೆಗೆ ಗ್ಲೌಸ್-ಕನ್ನಡಕ: ಈ ಕ್ರಮದಲ್ಲಿ ಕೆಳಗಿಳಿದಷ್ಟೂ ಮನುಷ್ಯನ ಎಚ್ಚರದ ಮೇಲೆ ಭಾರ ಜಾಸ್ತಿ. ಬೋರ್ಡಿನ ಜಾಗ ಕೆಳಗಿನಿಂದ ಎರಡನೆಯದು. ಬರೀ ಕೆಳಗಿನ ಎರಡರಿಂದ ಅಂಕ ಇಳಿಸಿದ ಶೀಟನ್ನು ಅನುಭವ ಇರುವ ಆಡಿಟರ್ ಎರಡೇ ನಿಮಿಷದಲ್ಲಿ ಹಿಡಿಯುತ್ತಾರೆ.

ಎಫ್ಲುಯೆಂಟ್ ಟ್ಯಾಂಕಿನ ಮಾತು ಬಂತು. ನಿಮ್ಮ ಇಡೀ ಕಾರ್ಖಾನೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ಜಾಗ ಅದು. ಪಿಕ್ಲಿಂಗ್‌ನ ಆಸಿಡ್ ನೀರಿಗೆ ಸೋಡಾ ಆ್ಯಶ್ ಹಾಕಿ ಸಮ ಮಾಡುತ್ತೀರಿ ಅಲ್ವಾ? ಆಗ ಬರುವುದು ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಕ್ಯಾಂಟೀನಿನ ನೀರೋ ಟಾಯ್ಲೆಟ್ಟಿನ ನೀರೋ ಅದೇ ಟ್ಯಾಂಕಿಗೆ ಸೇರಿದ್ದರೆ ಕೆಸರು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೆಸರು ಕಲಕಿದಾಗ ಒಮ್ಮೆಲೇ ಮೇಲೆ ಬರುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತೆ ಬಿಡಿ ಅಂತ ಹೇಳುವವರು ಸಿಗುತ್ತಾರೆ. ಕಮ್ಮಿ ಇದ್ದಾಗ ವಾಸನೆ ಬರುತ್ತದೆ, ನಿಜ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಹತ್ತಿರ ಹೋದಂತೆ ಮೂಗು ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂತ ಆಗ ಅನಿಸುತ್ತದೆ.

ಮೊದಲು ಇಳಿದವನು ಬೀಳುತ್ತಾನೆ. ಮೇಲಿದ್ದವನು ಅವನನ್ನು ಎತ್ತಲು ಹಾರುತ್ತಾನೆ, ಅವನೂ ಬೀಳುತ್ತಾನೆ. ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ 60%ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂನಲ್ಲಿ ಏನು ಮಾಡಬೇಕೆಂದು ಸ್ಪಷ್ಟವಾಗಿ ಇತ್ತು: ಗಾಳಿ ಪರೀಕ್ಷೆ ಮಾಡಿ ಅರ್ಹ ವ್ಯಕ್ತಿ ಬರೆದು ಕೊಟ್ಟ ಪ್ರಮಾಣಪತ್ರ ಇರಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ ಮತ್ತು ಬೆಲ್ಟ್ ಇರಬೇಕು, ಬೆಲ್ಟಿನ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕು. ಒಳಗೆ ಒಯ್ಯುವ ಲೈಟು 24 ವೋಲ್ಟ್ ಮೀರಬಾರದು ಅಂತಲೂ ಅಲ್ಲೇ ಪಕ್ಕದ ಕಲಂನಲ್ಲಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದ್ದರೂ ಟ್ಯಾಂಕಿನ ತಳದ ಗಾಳಿ ಹಿಂದೆ ಇದ್ದ ಹಾಗೇ ಇದೆ. ಆಮ್ಲಜನಕ 19.5%ಕ್ಕಿಂತ ಕಮ್ಮಿ ಇದ್ದರೆ ಒಳಗೆ ಹೋಗುವ ಮಾತೇ ಇಲ್ಲ. ಅಳೆಯುವ ಮೀಟರನ್ನು ಹಗ್ಗ ಕಟ್ಟಿ ತಳದ ತನಕ ಇಳಿಸಬೇಕು, ಬಾಯಿಯ ಹತ್ತಿರ ಹಿಡಿದು ನೋಡಿದರೆ ಪ್ರಯೋಜನ ಇಲ್ಲ.

ನಿಮಗೆ ನನ್ನ ಸಲಹೆ ಇನ್ನೂ ಸರಳ. ಯಾರೂ ಇಳಿಯದೇ ಕ್ಲೀನ್ ಮಾಡುವ ವ್ಯವಸ್ಥೆ ಮಾಡಿ. ಕೆಸರು ಎಳೆಯುವ ಸ್ಲಡ್ಜ್ ಪಂಪ್, ಹೊರಗಿನಿಂದಲೇ ಜೋರಾಗಿ ನೀರು ಹೊಡೆಯುವ ಜೆಟ್. ಮುಚ್ಚಳಕ್ಕೆ ಬೀಗ ಹಾಕಿ, ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಮೇಲೆ ಆ ಮುಚ್ಚಳದ ಮೇಲೆ ಒಂದು ಬೋರ್ಡ್, 'ಒಳಗೆ ಇಳಿಯಬೇಡಿ, ವಿಷಗಾಳಿ'. ಬೀಗ ಇದ್ದಾಗಲೇ ಆ ಬೋರ್ಡಿಗೆ ಬೆಲೆ.

ಇನ್ನು ಬೋರ್ಡ್‌ಗಳು. ಐಎಸ್‌ಒ 7010 ಅನ್ನುವ ಅಂತರರಾಷ್ಟ್ರೀಯ ಮಾನಕದಲ್ಲಿ ಚಿತ್ರಗಳಿವೆ, ನಮ್ಮಲ್ಲಿ ಐಎಸ್ 9457 ಇದೆ. ಕೆಂಪು ವೃತ್ತಕ್ಕೆ ಅಡ್ಡಗೆರೆ ಇದ್ದರೆ ಮಾಡಬೇಡಿ ಅಂತ. ಕಪ್ಪು ಅಂಚಿನ ಹಳದಿ ತ್ರಿಕೋನ ಹುಷಾರು ಅನ್ನುತ್ತದೆ. ನೀಲಿ ವೃತ್ತ ಕಡ್ಡಾಯ: ಕನ್ನಡಕ ಹಾಕಿ, ಕಿವಿ ಮುಚ್ಚಿ. ಹಸಿರು ಚೌಕವೋ ಆಯತವೋ ಆದರೆ ಹೊರಗೆ ಹೋಗುವ ದಾರಿ, ಪ್ರಥಮ ಚಿಕಿತ್ಸೆ, ಕಣ್ಣು ತೊಳೆಯುವ ಜಾಗ. ಕೆಂಪು ಚೌಕ ಬೆಂಕಿ ಆರಿಸುವ ಸಾಮಾನಿಗೆ. ಬಣ್ಣದ ಜೊತೆ ಆಕಾರವೂ ಯಾಕೆ ಅಂದರೆ ಕೆಂಪು-ಹಸಿರು ಗುರುತು ಹಿಡಿಯಲಾಗದವರು ಎಲ್ಲ ಕಡೆ ಇರುತ್ತಾರೆ, ಹೊಗೆ ತುಂಬಿದಾಗ, ಲೈಟು ಕಮ್ಮಿ ಇದ್ದಾಗ ಬಣ್ಣವೂ ಮಾಸುತ್ತದೆ. ಹಾಗಾಗಿ 'ಚೆನ್ನಾಗಿ ಕಾಣುತ್ತೆ' ಅಂತ ನೀಲಿ ತ್ರಿಕೋನ, ಹಸಿರು ವೃತ್ತ ಮಾಡಿಸಬೇಡಿ. ಪ್ರಿಂಟ್ ಮಾಡುವವರು ಹೀಗೆ ಮಾಡಿ ಕೊಟ್ಟೇಬಿಡುತ್ತಾರೆ.

ನಿಮ್ಮ ಜಾಗಕ್ಕೆ ಏನೇನು ಬೇಕು ಅಂದರೆ, ಪ್ರೆಸ್ ಶಾಪ್ ಬಾಗಿಲ ಪಕ್ಕದ ಗೋಡೆಯಲ್ಲಿ ಕಿವಿ ಮುಚ್ಚುವ ನೀಲಿ ಬೋರ್ಡ್. ಸದ್ದು ಅಳೆಯುವ ಮೀಟರ್ ಇಲ್ಲದಿದ್ದರೆ ಒಂದು ಅಂದಾಜು ಹೇಳುತ್ತೇನೆ: ಕೈಯಳತೆ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದರೆ 85 ಡೆಸಿಬೆಲ್ ದಾಟಿದೆ ಅಂತ ಲೆಕ್ಕ. ಪಿಕ್ಲಿಂಗ್‌ನಲ್ಲಿ ಕೈ ಮತ್ತು ಲೋಹದ ಮೇಲೆ ಹನಿ ಬೀಳುವ ಹಳದಿ ತ್ರಿಕೋನ, ಮುಖಕ್ಕೆ ಶೀಲ್ಡ್ ಹಾಕುವ ನೀಲಿ ಬೋರ್ಡ್, ಕಣ್ಣು ತೊಳೆಯುವ ನಲ್ಲಿಯ ಮೇಲೆ ಹಸಿರು. ಅಲ್ಲಿ ಬೆಂಕಿ ನಿಷೇಧವೂ ಬೇಕು, ಕಬ್ಬಿಣಕ್ಕೆ ಆಸಿಡ್ ತಾಗಿದರೆ ಹೈಡ್ರೋಜನ್ ಬರುತ್ತದೆ. ಓವನ್‌ಗೆ ಎಲ್‌ಪಿಜಿ ಬಳಸುತ್ತಿದ್ದರೆ ಸಿಲಿಂಡರ್ ಇಟ್ಟಿರುವಲ್ಲಿ ಬೆಂಕಿ ನಿಷೇಧದ ಬೋರ್ಡ್ ಹಾಕುವ ಮುಂಚೆ ನೆಲ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಚರಂಡಿ ಹುಡುಕಿಕೊಂಡು ಹೋಗುತ್ತದೆ. ಗಾಳಿಯಲ್ಲಿ ಸುಮಾರು 2% ಸೇರಿದರೂ ಹೊತ್ತಿಕೊಳ್ಳಲು ಸಾಕು. ಸಿಲಿಂಡರ್ ಪಕ್ಕದಲ್ಲಿ ತೆರೆದ ಗಟಾರ ಇದ್ದರೆ ಮೊದಲು ಅದನ್ನು ಮುಚ್ಚಿಸಿ. ಲೀಕ್ ಡಿಟೆಕ್ಟರ್ ಇದ್ದರೆ ಅದು ನೆಲದ ಹತ್ತಿರ ಇರಬೇಕು, ಚಾವಣಿಯಲ್ಲಿ ಅಲ್ಲ.

ಪ್ಯಾನಲ್ ಬೋರ್ಡಿಗೆ ತಲೆಬುರುಡೆ ಮತ್ತು ಮೂಳೆ ಇರುವ ಅಪಾಯದ ಫಲಕ ಕಾನೂನಿನಲ್ಲೇ ಇದೆ. 250 ವೋಲ್ಟ್ ಮೀರಿದ ಕಡೆ ಹಿಂದಿ ಅಥವಾ ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಅಂದರೆ ಕನ್ನಡ ಇರಲೇಬೇಕು.

ಡ್ರಿಲ್ಲಿಂಗ್ ಮಷೀನ್ ಹತ್ತಿರ ಒಂದು ಎಚ್ಚರ. 30ರ ಸೆಟ್ಟಿನಲ್ಲಿ 'ಗ್ಲೌಸ್ ಕಡ್ಡಾಯ' ಬೋರ್ಡ್ ಖಂಡಿತ ಇರುತ್ತದೆ, ಅದನ್ನು ಶಾಪ್‌ನ ಬಾಗಿಲಿಗೇ ಹೊಡೆಯುತ್ತಾರೆ. ತಿರುಗುವ ಡ್ರಿಲ್ ಬಿಟ್ಟಿಗೆ ಬಟ್ಟೆ ಗ್ಲೌಸ್ ಸಿಕ್ಕಿದರೆ ಕೈಯನ್ನೇ ಸುತ್ತಿಕೊಳ್ಳುತ್ತದೆ. ಅಲ್ಲಿ ಬರಬೇಕಾದ್ದು ಅಡ್ಡಗೆರೆ ಇರುವ ಕೆಂಪು ವೃತ್ತದ 'ಗ್ಲೌಸ್ ಹಾಕಬೇಡಿ'. ಐಎಸ್‌ಒ 7010ರಲ್ಲಿ ಅದಕ್ಕೆ ಪಿ028 ಅಂತ ಪ್ರತ್ಯೇಕ ಚಿತ್ರವೇ ಇದೆ. ಶೀಟ್ ಎತ್ತುವಾಗ ಗ್ಲೌಸ್ ಬೇಕು, ಡ್ರಿಲ್ ಮುಂದೆ ಬೇಡ. ಹಿರಾ ಮಾಡದೆ ಬೋರ್ಡ್ ಹಾಕಿದರೆ ಬೋರ್ಡೇ ಬೆರಳು ತೆಗೆಸುತ್ತದೆ.

ಅಳತೆಗೆ ಒಂದು ಸುಲಭ ಲೆಕ್ಕ ಇದೆ. ಎಷ್ಟು ಮೀಟರ್ ದೂರದಿಂದ ಕಾಣಬೇಕೋ ಅದನ್ನು ಅದರಿಂದಲೇ ಗುಣಿಸಿ, 2000ದಿಂದ ಭಾಗಿಸಿ. ಬರುವುದು ಬೋರ್ಡಿನ ಕನಿಷ್ಠ ವಿಸ್ತೀರ್ಣ, ಚದರ ಮೀಟರಿನಲ್ಲಿ. 10 ಮೀಟರ್ ದೂರಕ್ಕೆ 0.05 ಚದರ ಮೀಟರ್, ಅಂದರೆ ಒಂದು ಪಕ್ಕಕ್ಕೆ ಸುಮಾರು 22 ಸೆಂ.ಮೀ. 20 ಮೀಟರ್ ಆದರೆ ಸುಮಾರು 45 ಸೆಂ.ಮೀ. ಬಾಗಿಲ ಮೇಲೆ ಬೋರ್ಡ್ ಹೊಡೆಯಬೇಡಿ. ಬಾಗಿಲು ತೆರೆದಾಗ ಅದು ಗೋಡೆಗೆ ಮುಖ ಮಾಡುತ್ತದೆ.

ರೇಡಿಯಂ ಬಗ್ಗೆ. ನಮ್ಮಲ್ಲಿ ರೇಡಿಯಂ ಅಂತ ಮಾರುವುದು ಹೆಚ್ಚಾಗಿ ಬೈಕಿನ ನಂಬರ್ ಪ್ಲೇಟಿಗೆ ಹಾಕುವ ಪ್ರತಿಫಲಿಸುವ ಸ್ಟಿಕ್ಕರ್. ಹೆಡ್‌ಲೈಟೋ ಟಾರ್ಚೋ ಬಿದ್ದರೆ ಹೊಳೆಯುತ್ತದೆ, ಕತ್ತಲಲ್ಲಿ ತಾನಾಗಿ ಹೊಳೆಯುವುದಿಲ್ಲ. ಕರೆಂಟ್ ಹೋಗಿ ಹೊಗೆ ತುಂಬಿದಾಗ ಎಕ್ಸಿಟ್ ತೋರಿಸಬೇಕಾದ್ದು ಬೆಳಕು ಹೀರಿಕೊಂಡು ಕತ್ತಲಲ್ಲಿ ಹಸಿರಾಗಿ ಹೊಳೆಯುವ ಬೇರೆ ಥರದ ಬೋರ್ಡ್, ಇಲ್ಲವೇ ಬ್ಯಾಟರಿ ಇರುವ ಲೈಟ್ ಬೋರ್ಡ್. ಅಂಗಡಿಯಲ್ಲಿ ಅಂಗೈ ಮುಚ್ಚಿ ಕತ್ತಲು ಮಾಡಿ ಇಣುಕಿ ನೋಡಿ, ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಹೊಳೆಯುವ ಬೋರ್ಡಿಗೂ ಮೊದಲು ಬೆಳಕು ಬಿದ್ದಿರಬೇಕು. ಯಾವಾಗಲೂ ಲೈಟ್ ಆಫ್ ಇರುವ ಸ್ಟೋರ್ ರೂಮಿನಲ್ಲಿ ಹಾಕಿದರೆ ಅದು ಸುಮ್ನೆ. ಎಕ್ಸಿಟ್ ಮತ್ತು ಬೆಂಕಿ ಆರಿಸುವ ಸಾಮಾನಿಗೆ ಇದಕ್ಕೆ ದುಡ್ಡು ಹಾಕಿ. ಮಿಕ್ಕಿದ್ದು ಮಾಮೂಲಿ ಸಾಕು.

ಎಕ್ಸಿಟ್ ಬೋರ್ಡಿನ ಓಡುವ ಮನುಷ್ಯ ಜಪಾನಿನಿಂದ ಬಂದವನು. 1972ರಲ್ಲಿ ಒಸಾಕಾದ ಒಂದು ದೊಡ್ಡ ಮಳಿಗೆಯಲ್ಲಿ ಬೆಂಕಿ ಬಿದ್ದು 118 ಜನ ಸತ್ತರು. ದಾರಿ ತೋರಿಸುವ ಚಿತ್ರ ಎಲ್ಲರಿಗೂ ತಿಳಿಯುವಂತಿರಬೇಕು ಅನ್ನುವ ಹುಡುಕಾಟ ಅಂಥ ದುರಂತಗಳ ಬೆನ್ನಲ್ಲೇ ಶುರುವಾಯಿತು. ಆದರೆ ಚಿತ್ರ ತೋರಿಸಿದ ಬಾಗಿಲು ತೆರೆಯಬೇಕಲ್ಲ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಹೊಗೆಗೆ ಹೆದರಿ ಜನ ಕಿಟಕಿಯಿಂದ ಹಾರಿದರು. ಒಂಬತ್ತು ಜನ ಹೋದರು. ತುರ್ತು ದಾರಿಗಳು ಮುಚ್ಚಿದ್ದವು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಿಮ್ಮ ಹಿಂಬಾಗಿಲಿಗೆ ಕಳ್ಳತನದ ಭಯದಿಂದ ಬೀಗ ಹಾಕಿರುತ್ತೀರಿ, ಅದರ ಮೇಲೆ ಹಸಿರು ಬೋರ್ಡ್ ಬೇರೆ. ಒಳಗಿನಿಂದ ಕೀ ಇಲ್ಲದೆ ತೆರೆಯುವ ಪುಶ್ ಬಾರ್ ಹಾಕಿಸಿ, ಇಲ್ಲವಾದರೆ ಆ ಬೋರ್ಡನ್ನಾದರೂ ತೆಗೆಯಿರಿ.

ಬೋರ್ಡ್ ಹಾಕುವ ಮುಂಚೆ ಅದು ಜನಕ್ಕೆ ಅರ್ಥ ಆಗುತ್ತಾ ನೋಡಿ. ಪೀಣ್ಯದಲ್ಲಿ ಬಿಹಾರ, ಒಡಿಶಾ, ಅಸ್ಸಾಂ ಕಡೆಯವರು ಬೇಕಾದಷ್ಟು. ಇಂಗ್ಲಿಷ್ ಬೋರ್ಡ್ ಓದುವುದು ಆಡಿಟರ್ ಒಬ್ಬರೇ. ಚಿತ್ರ, ಕನ್ನಡ, ಹಿಂದಿ ಇರಲಿ. ಚಿತ್ರವೂ ತಾನಾಗಿ ಅರ್ಥ ಆಗುತ್ತದೆ ಅಂದುಕೊಳ್ಳಬೇಡಿ. ಮೂರು ಎಸಳಿನ ವಿಕಿರಣ ಚಿಹ್ನೆ 1946ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ್ದು. ಅದು ಜನರಿಗೆ ಸುಮ್ನೆ ಫ್ಯಾನಿನ ಥರ ಕಾಣುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೊಸ ಚಿತ್ರಗಳನ್ನು ಭಾರತವೂ ಸೇರಿ 11 ದೇಶಗಳ ಸುಮಾರು 1,650 ಜನರಿಗೆ ತೋರಿಸಿ ನೋಡಿತು. 2007ರಲ್ಲಿ ಕೆಂಪು ತ್ರಿಕೋನದೊಳಗೆ ಎಸಳಿನ ಚಿಹ್ನೆ, ತಲೆಬುರುಡೆ, ಓಡುವ ಮನುಷ್ಯ ಮೂರೂ ಇರುವ ಹೊಸ ಚಿಹ್ನೆ ಬಂತು. ಮೂರೇ ವರ್ಷಕ್ಕೆ, 2010ರಲ್ಲಿ, ದೆಹಲಿ ವಿಶ್ವವಿದ್ಯಾಲಯದ, ವಿಕಿರಣ ಸೂಸುವ ಕೋಬಾಲ್ಟ್-60 ಇದ್ದ ಹಳೇ ಉಪಕರಣ ಹರಾಜಾಗಿ ಮಾಯಾಪುರಿಯ ಗುಜರಿಗೆ ಹೋಯಿತು. ಬಿಚ್ಚಿದವರಿಗೆ ಒಳಗಿರುವುದು ಏನೆಂದು ಗೊತ್ತಾಗಲಿಲ್ಲ. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು.

ನೀವು ಮಾಡಬಹುದಾದ ಪರೀಕ್ಷೆಗೆ ಖರ್ಚೇ ಇಲ್ಲ. ಅಕ್ಷರ ಇಲ್ಲದೆ ಬರೀ ಚಿತ್ರ ಪ್ರಿಂಟ್ ತೆಗೆದು, ಹೊಸಬರೂ ಸೇರಿ ಹತ್ತು ಹನ್ನೆರಡು ಜನಕ್ಕೆ ಒಬ್ಬೊಬ್ಬರಾಗಿ ತೋರಿಸಿ. 'ಇದನ್ನು ನೋಡಿದರೆ ಏನು ಮಾಡ್ತೀಯ?' ಅಂತ ಅವರ ಭಾಷೆಯಲ್ಲಿ ಕೇಳಿ. ಅಮೆರಿಕದ ಒಂದು ಮಾನಕದಲ್ಲಿ 85% ಜನ ಸರಿ ಹೇಳಬೇಕು, ಉಲ್ಟಾ ಅರ್ಥ ಮಾಡಿಕೊಂಡವರು 5% ಮೀರಬಾರದು ಅಂತಿದೆ. ಉಲ್ಟಾ ಅರ್ಥವೇ ನಿಜವಾದ ಅಪಾಯ. ಆಸಿಡ್ ಬೋರ್ಡ್ ನೋಡಿ 'ಇಲ್ಲಿ ಕೈ ತೊಳೀಬೇಕು' ಅಂದವನು ಒಬ್ಬನಾದರೂ ಸಿಗುತ್ತಾನೆ. ಕೈ ಮೇಲೆ ಹನಿ ಬೀಳುತ್ತಿದೆಯಲ್ಲ, ಅವನ ತಪ್ಪೇನಿಲ್ಲ. ಅಂಥ ಬೋರ್ಡಿಗೆ ಬರಹ ಸೇರಿಸಿ, ಪ್ರತಿ ಹೊಸಬನಿಗೆ ಮೊದಲ ದಿನವೇ ನಿಂತು ವಿವರಿಸಿ.

ಹಾಗೇ 'ಸೇಫ್ಟಿ ಫಸ್ಟ್' ಥರದ ಘೋಷಣೆಗಳನ್ನು ಇಳಿಸಿಬಿಡಿ. ಮಾರ್ಚ್ 4ರ ಸುರಕ್ಷತಾ ದಿನದ ಬ್ಯಾನರ್ ದೀಪಾವಳಿ ತನಕ ಧೂಳು ಹಿಡಿದು ನೇತಾಡುವುದನ್ನು ಎಲ್ಲ ಕಡೆ ನೋಡುತ್ತೇವೆ.

ಆಡಿಟ್ ದಿನಕ್ಕೆ ಎಲ್ಲ ಮುಗಿದಿರಬೇಕು ಅಂತ ಗಾಬರಿ ಬೇಡ. ಒಂದು ತಿಂಗಳಲ್ಲಿ ಎಲ್ಲ ಪ್ರೆಸ್ಸಿಗೂ ಗಾರ್ಡ್ ಆಗುವುದಿಲ್ಲ. ಆಗಿಲ್ಲ ಅಂತಲೇ ಬರೆಯಿರಿ. ಆ ಸಾಲಿನ ಅಂಕ ಕೆಂಪಾಗೇ ಇರಲಿ. ಪಕ್ಕದಲ್ಲಿ ಯಾರು ಮಾಡುತ್ತಾರೆ, ಯಾವ ತಾರೀಕಿಗೆ ಮುಗಿಯುತ್ತದೆ, ಅಲ್ಲಿಯ ತನಕ ಏನು ವ್ಯವಸ್ಥೆ ಅನ್ನುವುದು ಇರಲಿ. ಉದಾಹರಣೆಗೆ, ಆ ಪ್ರೆಸ್ಸಿನಲ್ಲಿ ಕೈಯಿಂದ ಪೀಸ್ ಇಡುವ ಕೆಲಸ ಬಂದ್, ಪಟ್ಟಿ ಶೀಟ್ ಮಾತ್ರ. ಗಾರ್ಡಿನ ಪರ್ಚೇಸ್ ಆರ್ಡರ್ ಇದ್ದರೆ ಫೈಲಿಗೆ ಸೇರಿಸಿ. ಪ್ರತಿ ಸಾಲಿನ ಕೆಳಗೆ ಆ ಮಷೀನ್ ಮೇಲೆ ಕೆಲಸ ಮಾಡುವವರ ಸಹಿಯೂ ಇರಲಿ, ಯಾಕೆಂದರೆ ಆಡಿಟರ್ ಶೀಟ್ ಓದಿದ ಮೇಲೆ ನೇರ ಅವರ ಹತ್ತಿರ ಹೋಗಿ ಕೇಳುತ್ತಾರೆ. ಹೊಸ ಡೈ ಬಂದಾಗ, ಕೆಮಿಕಲ್ ಸಪ್ಲೈಯರ್ ಬದಲಾದಾಗ, ಯಾರಿಗಾದರೂ ಸ್ವಲ್ಪದರಲ್ಲಿ ತಪ್ಪಿದಾಗ ಆ ಸಾಲನ್ನು ಮತ್ತೆ ತೆರೆಯಿರಿ. ಮೊದಲು ಟ್ಯಾಂಕಿನ ಮುಚ್ಚಳಕ್ಕೆ ಬೀಗ, ಅದು ಇವತ್ತೇ ಆಗುವ ಕೆಲಸ.